ಹಳದಿ ಬಾಣಕ್ಕೂ ಮೊದಲು ಪೋರ್ಟೊ

ಪೋರ್ಟೊ ಕಲ್ಲಿನ ಊರು. ಪೋರ್ಚುಗಲ್‌ನ ಉತ್ತರ ಭಾಗದಲ್ಲಿ, ದೌರೊ ನದಿ ಅಟ್ಲಾಂಟಿಕ್ ಸಾಗರ ಸೇರುವ ಅಳಿವೆಯ ಹತ್ತಿರ, ಬಲದಂಡೆಯ ಕಡಿದಾದ ಗುಡ್ಡಕ್ಕೆ ಈ ಊರು ಅಂಟಿಕೊಂಡಿದೆ. ಮನೆಗಳ ಬಾಗಿಲವಾಡದಿಂದ ಹಿಡಿದು ಓಣಿಯ ಮೆಟ್ಟಿಲುಗಳವರೆಗೆ ಎಲ್ಲೆಡೆ ಬೂದುಬಣ್ಣದ ಗ್ರಾನೈಟ್. ಸಾಗರದ ಮಂಜು ನುಗ್ಗಿದ ಬೆಳಗಿನಲ್ಲಿ ಕಲ್ಲು ತೊಯ್ದು ಕಪ್ಪಾಗುತ್ತದೆ. ಬಿಸಿಲೇರಿದರೆ ಅದೇ ಕಲ್ಲಿನೊಳಗಿನ ಅಭ್ರಕ ಹೊಳೆಯುತ್ತದೆ. ದೇಶದ ಎರಡನೇ ದೊಡ್ಡ ನಗರ ಇದು. ಹಳೆಯ ಪೇಟೆಯೂ ಅದರ ಎದುರಿನ ಕಬ್ಬಿಣದ ಸೇತುವೆಯೂ 1996ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬ್ರಾಗಾ ಪ್ರಾರ್ಥಿಸುತ್ತದೆ, ಕೊಯಿಂಬ್ರಾ ಓದುತ್ತದೆ, ಲಿಸ್ಬನ್ ಮೋಜು ಮಾಡುತ್ತದೆ, ಪೋರ್ಟೊ ದುಡಿಯುತ್ತದೆ ಎಂಬ ಮಾತು ಪೋರ್ಚುಗೀಸರಲ್ಲಿ ಬಳಕೆಯಲ್ಲಿದೆ. ಆ ದುಡಿಯುವ ಊರಿನಿಂದಲೇ ಇಂದು ಯುರೋಪಿನ ಬಹುದೊಡ್ಡ ಕಾಲ್ನಡಿಗೆಯ ಯಾತ್ರೆಗಳಲ್ಲಿ ಒಂದು ಹೊರಡುತ್ತದೆ.

ಯಾತ್ರೆಯ ಗುರಿ ಸ್ಪೇನ್ ದೇಶದ ಗಲೀಸಿಯಾ ಪ್ರಾಂತ್ಯದ ಸಾಂತಿಯಾಗೊ ದೆ ಕಾಂಪೊಸ್ತೆಲಾ. ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಅಲ್ಲಿ 9ನೇ ಶತಮಾನದಲ್ಲಿ ಪತ್ತೆಯಾಯಿತು ಎಂಬುದು ನಂಬಿಕೆ. ಅಂದಿನಿಂದ ಯುರೋಪಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ನಡೆದು ಬಂದಿದ್ದಾರೆ. ಕಮಿನೊ ಎಂದು ಕರೆಯುವ ಈ ದಾರಿಗಳ ಜಾಲವನ್ನು 1987ರಲ್ಲಿ ಯುರೋಪ್ ಮಂಡಳಿ ತನ್ನ ಮೊದಲ ಸಾಂಸ್ಕೃತಿಕ ಮಾರ್ಗವೆಂದು ಘೋಷಿಸಿತು. 2024ರಲ್ಲಿ ಸಾಂತಿಯಾಗೊದ ಯಾತ್ರಿಕರ ಕಚೇರಿ ಕೊಟ್ಟ ಪ್ರಮಾಣಪತ್ರಗಳು ಸುಮಾರು 5 ಲಕ್ಷ. ಫ್ರಾನ್ಸ್ ಗಡಿಯಿಂದ ಬರುವ ದಾರಿಯ ನಂತರ ಹೆಚ್ಚು ಜನ ಹಿಡಿಯುವುದು ಪೋರ್ಚುಗಲ್‌ನ ದಾರಿಯನ್ನೇ. ಅದು ಲಿಸ್ಬನ್‌ನಿಂದ ಶುರುವಾದರೂ ಹೆಚ್ಚಿನವರು ಕಾಲಿಡುವುದು ಪೋರ್ಟೊದಿಂದ. ಅಲ್ಲಿಂದ ಒಳನಾಡಿನ ದಾರಿ ಸುಮಾರು 240 ಕಿ.ಮೀ.; ಕಡಲಂಚಿನದು ಇನ್ನೂ ತುಸು ದೂರ.

ನಮ್ಮ ನಾಡಿನಲ್ಲಿ ಪಾದಯಾತ್ರೆ ಮನೆಯ ಬಾಗಿಲಿನಿಂದ ಹೊರಡುತ್ತದೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವವರಾಗಲಿ, ಯುಗಾದಿಗೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ನಲ್ಲಮಲೆಯ ಕಾಡು ಹಾದು ಶ್ರೀಶೈಲ ಮುಟ್ಟುವವರಾಗಲಿ, ತಮ್ಮೂರ ದೇವರಿಗೆ ಕೈಮುಗಿದು ಹೆಜ್ಜೆ ಹಾಕುತ್ತಾರೆ. ಮಧ್ಯಯುಗದ ಕಮಿನೊ ಕೂಡ ಹೀಗೇ ಇತ್ತು. ಯಾತ್ರಿಕ ತನ್ನ ಊರಿನ ಚರ್ಚಿನಲ್ಲಿ ಆಶೀರ್ವಾದ ಪಡೆದು ಹೊರಡುತ್ತಿದ್ದ. ವಿಮಾನದಲ್ಲಿ ಬಂದಿಳಿಯುವ ಇಂದಿನ ಯಾತ್ರಿಕನಿಗೆ ಆ ಅನುಕೂಲ ಇಲ್ಲ. ಅವನು ಬೇರೆಯವರ ಊರಿನ ಹೊಸ್ತಿಲನ್ನು ಎರವಲು ಪಡೆದು ದಾಟಬೇಕು. ಹಾಗಾಗಿ ನಡಿಗೆಗೆ ಮುನ್ನ ಆ ಊರಿನಲ್ಲಿ ಕೆಲವು ದಿನ ಉಳಿಯುವುದು ಆಯಾಸ ಕಳೆಯುವ ಉಪಾಯವಷ್ಟೇ ಆಗಿ ಉಳಿಯುವುದಿಲ್ಲ, ಯಾತ್ರೆಯ ಭಾಗವೇ ಆಗುತ್ತದೆ. ಉಡುಪಿ, ಮಂಗಳೂರು ಕಡೆಯಿಂದ ಜೂನ್ ತಿಂಗಳಲ್ಲಿ ಹೋದ ಒಂದು ಗೆಳೆಯರ ಗುಂಪು ಮರಳಿ ಬಂದು ಬಹಳ ಕಾಲವಾದರೂ ಸಾಂತಿಯಾಗೊಗಿಂತ ಹೆಚ್ಚಾಗಿ ಪೋರ್ಟೊವನ್ನೇ ಮಾತಾಡುತ್ತದೆ. ಅದಕ್ಕೆ ಕಾರಣ ಆ ದಿನಗಳಲ್ಲಿ ಕಂಡದ್ದು.

ಊರಿನ ಪರಿಚಯ ರೈಲು ನಿಲ್ದಾಣದಿಂದಲೇ ಆಗುತ್ತದೆ. ಸಾಂ ಬೆಂತೊ ನಿಲ್ದಾಣ 1916ರಲ್ಲಿ ತೆರೆದದ್ದು. ಬೆನೆಡಿಕ್ಟೀನ್ ಸಂನ್ಯಾಸಿನಿಯರ ಹಳೆಯ ಮಠವಿದ್ದ ಜಾಗ ಅದು. ಒಳಹಜಾರದ ನಾಲ್ಕೂ ಗೋಡೆಗಳಿಗೆ ಜೋರ್ಜ್ ಕೊಲಾಸೊ ಎಂಬ ಕಲಾವಿದ ಸುಮಾರು 20,000 ಹೆಂಚುಗಳ ಮೇಲೆ ಚಿತ್ರ ಬರೆದು ಹೊದಿಸಿದ್ದಾನೆ. ಬಿಳಿಯ ಮೇಲೆ ನೀಲಿ. ಒಂದು ಗೋಡೆಯಲ್ಲಿ ಮೊದಲನೇ ಜೊವಾಂವ್ ದೊರೆ ತನ್ನ ಇಂಗ್ಲಿಷ್ ರಾಣಿ ಫಿಲಿಪಾಳೊಡನೆ ಕುದುರೆಯ ಮೇಲೆ ಪೋರ್ಟೊ ಪ್ರವೇಶಿಸುತ್ತಿದ್ದಾನೆ. 1387ರಲ್ಲಿ ಅವರ ಮದುವೆ ಇಲ್ಲಿನ ಕೆಥೆಡ್ರಲ್ಲಿನಲ್ಲೇ ನಡೆಯಿತು. ಅದರ ಕೆಳಗೆ ಅವರ ಮಗ ಹೆನ್ರಿ 1415ರಲ್ಲಿ ಆಫ್ರಿಕಾದ ಸ್ಯೂಟಾ ಪಟ್ಟಣವನ್ನು ಗೆಲ್ಲುತ್ತಿದ್ದಾನೆ. ಬೇರೆಡೆ ಎತ್ತಿನಗಾಡಿ, ದ್ರಾಕ್ಷಿ ಕೊಯ್ಲು, ಜಾತ್ರೆ. ಎರಡಡಿ ದೂರದಲ್ಲಿ ನಿಂತು ನೋಡಿದರೆ ಒಂದು ಹೆಂಚಿನ ಅಂಚಿನಲ್ಲಿ ಮುರಿದ ಕುದುರೆಯ ಕಾಲು ಪಕ್ಕದ ಹೆಂಚಿನಲ್ಲಿ ಕೂದಲೆಳೆಯಷ್ಟು ಮೇಲಕ್ಕೆ ಸರಿದು ಮುಂದುವರಿಯುವುದು ಕಾಣುತ್ತದೆ. ಕೆಳಗೆ ಚೀಲ ಹೊತ್ತ ಕೂಲಿಗಾರರು, ಕಾಲೇಜು ಹುಡುಗರು, ತರಕಾರಿ ಬುಟ್ಟಿಯ ಹೆಂಗಸರು ಕತ್ತೆತ್ತಿ ನೋಡದೆ ರೈಲು ಹಿಡಿಯುತ್ತಾರೆ. ಚರಿತ್ರೆಯನ್ನು ವಸ್ತುಸಂಗ್ರಹಾಲಯದಲ್ಲಿ ಬೀಗ ಹಾಕಿ ಇಡದೆ ದಿನನಿತ್ಯ ಓಡಾಡುವವರ ತಲೆಯ ಮೇಲೆ ಬರೆದಿಟ್ಟಿರುವುದು ಈ ಊರಿನ ದೊಡ್ಡ ಗುಣ.

ನಿಲ್ದಾಣದಿಂದ ಸ್ವಲ್ಪವೇ ಮೇಲೆ ಹತ್ತಿದರೆ ಕೆಥೆಡ್ರಲ್. 12ನೇ ಶತಮಾನದಲ್ಲಿ ಕಟ್ಟಲು ತೊಡಗಿದ್ದು. ಹೊರಗಿನಿಂದ ದೇವಾಲಯಕ್ಕಿಂತ ಕೋಟೆಯ ಲಕ್ಷಣವೇ ಹೆಚ್ಚು. ಯಾತ್ರಿಕರು ಇಲ್ಲಿ ಕ್ರೆದೆನ್ಸಿಯಾಲ್ ಎಂಬ ಮಡಚುವ ರಟ್ಟಿನ ಪುಸ್ತಕ ಪಡೆಯುತ್ತಾರೆ. ದಾರಿಯುದ್ದಕ್ಕೂ ಚರ್ಚು, ತಂಗುಮನೆ, ಕಾಫಿ ಅಂಗಡಿಗಳಲ್ಲಿ ಇದರ ಮೇಲೆ ಮೊಹರು ಹಾಕಿಸುತ್ತ ಹೋಗಬೇಕು. ಕೊನೆಯ 100 ಕಿ.ಮೀ. ದೂರವನ್ನಾದರೂ ಕಾಲ್ನಡಿಗೆಯಲ್ಲಿ ಕ್ರಮಿಸಿದ್ದಕ್ಕೆ ಈ ಮೊಹರುಗಳೇ ಸಾಕ್ಷಿ.

ಗುಂಪಿನಲ್ಲಿದ್ದ ಮಂಗಳೂರಿನ ಕ್ಯಾಥೊಲಿಕ್ ಗೆಳೆಯ ಕೌಂಟರಿನಲ್ಲಿ ತನ್ನ ಹೆಸರು ಬರೆಸಿದಾಗ, ಡಿಸೋಜ ಎಂಬುದನ್ನು ಕೇಳಿದ ವಯಸ್ಸಾದ ಹೆಂಗಸು ಮುಖ ಅರಳಿಸಿ ಪೋರ್ಚುಗೀಸಿನಲ್ಲಿ ಒಂದೇ ಸಮನೆ ಮಾತಾಡತೊಡಗಿದರು. ತನಗೆ ಆ ಭಾಷೆ ಬಾರದೆಂದು ಅವನು ಕೈಯಲ್ಲೇ ತಿಳಿಸಿದ. ಎಲ್ಲಿಯವನೆಂದು ಅವರು ಇಂಗ್ಲಿಷಿಗೆ ಹೊರಳಿ ಕೇಳಿದರು. ಗೋವಾದ ದಕ್ಷಿಣಕ್ಕೆ, ಮಂಗಳೂರು ಎಂದ. ಆಕೆಗೆ ಗೋವಾ ಗೊತ್ತಿತ್ತು, ಮಂಗಳೂರು ಗೊತ್ತಿರಲಿಲ್ಲ. ಅವನ ಹಿರಿಯರು ಗೋವಾ ಬಿಟ್ಟು ಕೆನರಾ ಕರಾವಳಿಗೆ ಬಂದು ಶತಮಾನಗಳಾಗಿವೆ. ಹಾಗೆ ಬಂದ ಕುಟುಂಬಗಳು ಎಷ್ಟೋ. ಧರ್ಮವಿಚಾರಣೆಯ ಭಯ, ಮರಾಠರ ದಾಳಿ, ಬರಗಾಲ ಹೀಗೆ ಒಂದೊಂದು ತಲೆಮಾರಿಗೆ ಒಂದೊಂದು ಕಾರಣ ಇತ್ತು. ಪೋರ್ಚುಗೀಸ್ ಹೆಸರು ಹೊತ್ತು ಪೋರ್ಚುಗೀಸರ ಆಳ್ವಿಕೆಯಿಂದ ದೂರ ಸರಿದವರ ಮೊಮ್ಮಗ ಆ ಹೆಸರು ಹುಟ್ಟಿದ ನಾಡಿನಲ್ಲಿ ನಿಂತಿದ್ದ. ಆಕೆ ಮೊಹರನ್ನು ಒತ್ತಿ, ಶಾಯಿ ಆರುವವರೆಗೆ ಪುಸ್ತಕವನ್ನು ಅಂಗೈ ಮೇಲೆ ತೆರೆದೇ ಹಿಡಿದು, "ಬೊಂ ಕಮಿನ್ಯು" ಎಂದು ಹರಸಿ ಕೊಟ್ಟರು. ಶುಭ ಪ್ರಯಾಣ ಎನ್ನುವ ಈ ಮಾತನ್ನು ಮುಂದೆ ದಾರಿಯಲ್ಲಿ ದಿನವೂ ಹಲವು ಬಾರಿ ಕೇಳಬೇಕಾಗುತ್ತದೆ. ಮೊದಲ ಸಲ ಕೇಳಿದ್ದಕ್ಕೆ ಬೇರೆಯೇ ತೂಕ.

ಕೆಥೆಡ್ರಲ್ಲಿನ ಅಂಗಳದಿಂದ ನದಿಯ ಕಡೆಗೆ ಇಳಿಯುವ ಓಣಿಗಳು ಇಕ್ಕಟ್ಟಿನವು. ಎರಡು ಕಿಟಕಿಗಳ ನಡುವೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾರೆ. ಸಂಜೆ ಮೆಟ್ಟಿಲ ಮೇಲೆ ಕುಳಿತ ಅಜ್ಜಿಯರು ಹೋಗಿ ಬರುವವರನ್ನು ನೋಡುತ್ತಿರುತ್ತಾರೆ. ಓಣಿ ಕೊನೆಗೊಳ್ಳುವುದು ರಿಬೈರಾ ಎಂಬ ನದಿದಂಡೆಯ ಚೌಕದಲ್ಲಿ. ಪ್ರವಾಸಿಗರ ಗದ್ದಲ ಇಲ್ಲಿ ಬಹಳ. ಕುರ್ಚಿ, ಕೊಡೆ, ಗಿಟಾರ್, ಫೋಟೊ. ಆದರೆ ಸೇತುವೆಯ ಕಡೆಗೆ ತುಸು ದೂರ ನಡೆದರೆ ಗೋಡೆಯಲ್ಲಿ ಒಂದು ಕಂಚಿನ ಉಬ್ಬುಚಿತ್ರ ಸಿಗುತ್ತದೆ. ಹೆಚ್ಚಿನವರು ಅದನ್ನು ದಾಟಿ ಹೋಗುತ್ತಾರೆ.

1809ರ ಮಾರ್ಚ್ 29ರಂದು ನೆಪೋಲಿಯನ್ನನ ದಂಡನಾಯಕ ಸೂಲ್ಟ್ ಪೋರ್ಟೊ ಹೊಕ್ಕಾಗ, ಜನ ನದಿಯ ಆಚೆ ದಡಕ್ಕೆ ಓಡಿದರು. ಆಗ ಇದ್ದದ್ದು ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸಿದ ಸೇತುವೆ. ನೂಕುನುಗ್ಗಲಿನ ಭಾರಕ್ಕೆ ಅದು ಕುಸಿಯಿತು. ಮುಂದಿದ್ದವರು ಬಿದ್ದದ್ದು ಹಿಂದಿದ್ದವರಿಗೆ ತಿಳಿಯಲಿಲ್ಲ, ತಳ್ಳುತ್ತಲೇ ಬಂದರು. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಮುದುಕರು ದೌರೊದಲ್ಲಿ ಮುಳುಗಿದರು. ಕಂಚಿನ ಚಿತ್ರ ಆ ಕ್ಷಣದ್ದು. ಅದರ ಮುಂದೆ ಇಂದಿಗೂ ಮೇಣದಬತ್ತಿ ಉರಿಯುತ್ತದೆ, ಹೂವಿರುತ್ತದೆ. ಇನ್ನೂರು ವರ್ಷ ಕಳೆದ ಮೇಲೆ, ಸತ್ತವರ ಮುಖ ನೋಡಿದ ಒಬ್ಬರೂ ಉಳಿಯದ ಕಾಲದಲ್ಲಿ, ಯಾರೋ ಮನೆಯಿಂದ ಬೆಂಕಿಪೆಟ್ಟಿಗೆ ತಂದು ಗಾಳಿಗೆ ಕೈ ಮರೆಮಾಡಿ ದೀಪ ಹಚ್ಚುತ್ತಾರೆ.

ಗೆಳೆಯರು ಅಲ್ಲಿದ್ದಾಗ ಬಂದ ಹೆಂಗಸಿನ ಕೈಯಲ್ಲಿ ತರಕಾರಿ ಚೀಲ ಇತ್ತು. ಚೀಲವನ್ನು ನೆಲಕ್ಕಿಟ್ಟು, ಆರಿಹೋಗಿದ್ದ ಎರಡು ಬತ್ತಿಗಳನ್ನು ಮೊದಲು ಹೊತ್ತಿಸಿ, ಆಮೇಲೆ ತನ್ನದನ್ನು ಅವುಗಳ ಪಕ್ಕಕ್ಕಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಟುಹೋದರು. ಯಾರಿಗೆ ಹಚ್ಚಿದಿರಿ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಯಾತ್ರೆ ಎಂದರೆ ಏನೆಂದು ಪುಸ್ತಕಗಳು ಹೇಳುವುದಕ್ಕಿಂತ ಚೆನ್ನಾಗಿ ಆ ಹೆಂಗಸು ಹೇಳಿದರು.

ದೋಣಿಗಳ ಸೇತುವೆ ಇದ್ದ ಕಡೆ ಈಗ ದೊಂ ಲುಯಿಸ್ ಸೇತುವೆ ಇದೆ. ಐಫೆಲ್‌ನ ಹಳೆಯ ಪಾಲುದಾರ ತಿಯೊಫೀಲ್ ಸೇರಿಗ್ ರೂಪಿಸಿದ್ದು. 1886ರಲ್ಲಿ ಮೇಲಂತಸ್ತು ತೆರೆಯಿತು. 172 ಮೀಟರ್ ಉದ್ದದ ಒಂದೇ ಕಮಾನು ನದಿಯನ್ನು ಹಾರುತ್ತದೆ. ಕೆಳಗಿನ ಅಂತಸ್ತು ನೀರಿಗೆ ಹತ್ತಿರ. ಮೇಲಿನದರಲ್ಲಿ ಮೆಟ್ರೊ ರೈಲು ಓಡುತ್ತದೆ, ಅದರ ಪಕ್ಕದಲ್ಲೇ ಜನ ನಡೆಯುತ್ತಾರೆ. ಆಚೆ ದಡದ ಗಾಯಾದಲ್ಲಿ ಪೋರ್ಟ್ ವೈನಿನ ಗೋದಾಮುಗಳು. ದ್ರಾಕ್ಷಿರಸ ಹುಳಿಯುತ್ತಿರುವಾಗಲೇ ನಡುವೆ ದ್ರಾಕ್ಷಿಯ ಮದ್ಯಸಾರ ಬೆರೆಸಿ ಹುದುಗು ನಿಲ್ಲಿಸುವುದರಿಂದ ಅದರ ಸಿಹಿ ಉಳಿಯುತ್ತದೆ. ಆ ದ್ರಾಕ್ಷಿ ಬೆಳೆಯುವ ದೌರೊ ಕಣಿವೆಗೆ 1756ರಲ್ಲೇ ಪೊಂಬಾಲ್ ಮಂತ್ರಿ ಗಡಿ ಗುರುತಿಸಿದ. ಆ ಗೋದಾಮುಗಳಿಗೆ ಹೋಗದೆ ಬಂದರೂ ನಷ್ಟವಿಲ್ಲ. ಸೇತುವೆಯ ಮೇಲಿನಿಂದ ಸಂಜೆ ನದಿ ನೋಡದೆ ಬಂದರೆ ನಷ್ಟ. ಜೂನ್‌ನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು ಪೂರ್ತಿ ಆರಿರುವುದಿಲ್ಲ.

ಕನ್ನಡ ಕರಾವಳಿಯವರಿಗೆ ಈ ನದಿಯಲ್ಲಿ ಇನ್ನೊಂದು ಕಥೆಯೂ ಕಾಣುತ್ತದೆ. ಸ್ಯೂಟಾ ಗೆದ್ದ ಹೆನ್ರಿ ಹುಟ್ಟಿದ್ದು 1394ರಲ್ಲಿ, ಇದೇ ಪೋರ್ಟೊದಲ್ಲಿ. ನದಿಗೆ ಹತ್ತಿರದ ಚೌಕದಲ್ಲಿ ಅವನ ಪ್ರತಿಮೆ ಇದೆ. ಅವನ ಆಶ್ರಯದಲ್ಲಿ ಆಫ್ರಿಕಾದ ಕರಾವಳಿ ಹಿಡಿದು ದಕ್ಷಿಣಕ್ಕೆ ಸಾಗಿದ ಹಡಗುಗಳ ದಾರಿಯಲ್ಲೇ, ಅವನು ಸತ್ತು ದಶಕಗಳಾದ ಮೇಲೆ, ವಾಸ್ಕೊ ಡ ಗಾಮ 1498ರಲ್ಲಿ ಕೇರಳ ತಲುಪಿದ. ಮರಳುವಾಗ ಅವನು ಕಾರವಾರದ ಹತ್ತಿರದ ಅಂಜುದೀವ್ ದ್ವೀಪದಲ್ಲಿ ತಂಗಿದ್ದ. ಮುಂದಿನ ನೂರು ವರ್ಷ ಹೊನ್ನಾವರ, ಬಸರೂರು, ಮಂಗಳೂರುಗಳ ಬಂದರಿನಲ್ಲಿ ಪೋರ್ಚುಗೀಸರ ಹೆಸರು ಕೇಳದ ದಿನವಿರಲಿಲ್ಲ. ಬಸರೂರಿನ ಅಕ್ಕಿ ಗೋವೆಯನ್ನು ಸಾಕಿತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಕಾಳುಮೆಣಸಿನ ರಾಣಿ ಎಂದು ಕರೆದರು. ಉಳ್ಳಾಲದ ಅಬ್ಬಕ್ಕ ಅವರ ವಿರುದ್ಧ ಕತ್ತಿ ಹಿಡಿದಳು. ಪ್ರತಿಮೆಯ ಕೆಳಗೆ ಗೆಳೆಯರಲ್ಲಿ ವಾದವೇ ನಡೆಯಿತು.

"ಇವ ಇಲ್ಲಿ ಕನಸು ಕಂಡದ್ದಕ್ಕೆ ಅಲ್ಲಿ ನಮ್ಮವರು ಬೆಲೆ ಕೊಟ್ಟದ್ದು ಮಾರಾಯ" ಎಂದ ಒಬ್ಬ.

"ಗೇರುಹಣ್ಣು, ಮೆಣಸಿನಕಾಯಿ ತಿನ್ನುವಾಗ ನೆನಪಿಲ್ಲವಾ ಅದು?" ಎಂದ ಡಿಸೋಜ.

ಎರಡೂ ಮಾತು ನಿಜ. ಗೇರು, ಮೆಣಸಿನಕಾಯಿ, ಪಪ್ಪಾಯ, ಅನಾನಸು ಅಮೆರಿಕದಿಂದ ನಮ್ಮ ಕರಾವಳಿಗೆ ಬಂದದ್ದು ಆ ಹಡಗುಗಳಲ್ಲೇ. ದೋಣಿಸೇತುವೆಯ ಸಾವಿಗೆ ಇಂದಿಗೂ ದೀಪ ಹಚ್ಚುವ ಊರು, ತನ್ನ ಹಡಗುಗಳು ಬೇರೆ ದಡಗಳಲ್ಲಿ ತಂದ ಸಾವಿಗೂ ಒಂದು ಕಲ್ಲು ನೆಡಬೇಕಿತ್ತು ಎನಿಸುವುದು ಸಹಜ. ಹೆನ್ರಿಯ ಪ್ರತಿಮೆಯ ಚೌಕದಲ್ಲಿ ಅಂಥ ಕಲ್ಲು ಕಾಣಲಿಲ್ಲ.

ಸ್ಯೂಟಾದ ಹಡಗುಪಡೆಗೆ ಊರಿನ ಮಾಂಸವನ್ನೆಲ್ಲ ಕೊಟ್ಟು ಪೋರ್ಟೊದವರು ತಮಗೆ ಕರುಳನ್ನು ಮಾತ್ರ ಉಳಿಸಿಕೊಂಡರಂತೆ. ಅದಕ್ಕೇ ಇಂದಿಗೂ ಅವರಿಗೆ ಕರುಳು ತಿನ್ನುವವರು ಎಂಬ ಅಡ್ಡಹೆಸರು. ಬಿಳಿ ಅವರೆಕಾಳಿನಂಥ ಕಾಳಿನೊಡನೆ ಬೇಯಿಸಿದ ಕರುಳಿನ ಅಡುಗೆ ಊರಿನ ಹೆಮ್ಮೆಯ ಊಟ. ಇನ್ನೊಂದು ಹೆಸರಾಂತ ತಿಂಡಿ ಫ್ರಾನ್ಸೆಸಿನ್ಯಾ. 1950ರ ದಶಕದ ಸೃಷ್ಟಿ ಇದು. ಬ್ರೆಡ್ಡಿನ ನಡುವೆ ನಾಲ್ಕೈದು ಬಗೆಯ ಮಾಂಸ ಇಟ್ಟು, ಚೀಸ್ ಕರಗಿಸಿ ಹೊದಿಸಿ, ಟೊಮೆಟೊ ಮತ್ತು ಬಿಯರಿನ ಖಾರದ ಗೊಜ್ಜು ಸುರಿಯುತ್ತಾರೆ. ನಡೆಯಲು ಹೊರಟವರು ಅದನ್ನು ಇಬ್ಬರು ಹಂಚಿಕೊಂಡು ತಿನ್ನುವುದು ಒಳ್ಳೆಯದು.

ನಿಜವಾದ ಪೋರ್ಟೊ ಊಟ ಬೊಲ್ಯಾಂವ್ ಮಾರುಕಟ್ಟೆಯಲ್ಲಿ ಅರ್ಥವಾಗುತ್ತದೆ. 1914ರ ಕಟ್ಟಡ; ವರ್ಷಗಟ್ಟಲೆ ದುರಸ್ತಿಯಾಗಿ 2022ರಲ್ಲಿ ಮತ್ತೆ ತೆರೆಯಿತು. ಕುಂದಾಪುರದ ಸಂತೆಗೆ ಹೋಗಿ ಬಂದವರಿಗೆ ಇಲ್ಲಿ ಹೊಸದೇನೂ ಇಲ್ಲ ಎಂದು ಮೊದಲಿಗೆ ಅನಿಸುತ್ತದೆ: ಏಪ್ರನ್ ಕಟ್ಟಿದ ಮೀನು ಮಾರುವ ಹೆಂಗಸರು, ಅವರ ದೊಡ್ಡ ದನಿ, ಕೊಳ್ಳದೆ ಮುಟ್ಟಿದವರಿಗೆ ಬೈಗುಳ. ಆಮೇಲೆ ಕಾಣುವುದು ಒಣಗಿದ ಕಾಡ್ ಮೀನು. ಬಾಕಾಲ್ಯಾವು ಎಂಬ ಈ ಉಪ್ಪು ಹಚ್ಚಿದ ಮೀನು ಹಲಗೆಯಷ್ಟು ಗಟ್ಟಿ, ಬಡಿದರೆ ಸದ್ದು ಬರುತ್ತದೆ. ಪೋರ್ಚುಗಲ್‌ನ ಕಡಲಿನಲ್ಲಿ ಅದು ಸಿಗುವುದಿಲ್ಲ. ಶತಮಾನಗಳ ಕಾಲ ನ್ಯೂಫೌಂಡ್‌ಲ್ಯಾಂಡ್‌ನ ಹೆಪ್ಪುಗಟ್ಟುವ ನೀರಿಗೆ ಹೋಗಿ ಹಿಡಿದು ತಂದರು. ಈಗ ಬಹುಪಾಲು ನಾರ್ವೆಯಿಂದ ಬರುತ್ತದೆ. ಒಂದೆರಡು ದಿನ ನೀರಿನಲ್ಲಿ ನೆನೆಸಿ, ನೀರು ಬದಲಿಸಿ ಉಪ್ಪು ಬಿಡಿಸಿದ ಮೇಲೆಯೇ ಅಡುಗೆ. ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಳೆ ಸುರಿಯುವ ಆ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಒಣಮೀನೇ ಗತಿ. ಮಲ್ಪೆಯಲ್ಲಿ ದೋಣಿಗಳು ದಡ ಸೇರಿದ್ದ ಆ ಜೂನ್‌ನಲ್ಲಿ ಪೋರ್ಟೊದಲ್ಲಿ ಸಾರ್ಡೀನ್‌ನ ಸುಗ್ಗಿ ಆಗಷ್ಟೇ ಶುರುವಾಗಿತ್ತು.

ಗುಂಪಿನ ಒಬ್ಬ ಗೆಳತಿ ಸಸ್ಯಾಹಾರಿ. ಅವಳ ಪಾಲಿಗೆ ದೊಡ್ಡ ಆಸರೆ ಕಾಲ್ದು ವೆರ್ದೆ ಎಂಬ ಹಸಿರು ಸಾರು: ಆಲೂಗೆಡ್ಡೆ ಬೇಯಿಸಿ ಮಸೆದು, ಅದಕ್ಕೆ ಕೂದಲಿನಷ್ಟು ತೆಳ್ಳಗೆ ಹೆಚ್ಚಿದ ಎಲೆಕೋಸಿನ ಜಾತಿಯ ಕಡುಹಸಿರು ಸೊಪ್ಪು ಹಾಕಿ ಒಂದು ಕುದಿ, ಮೇಲೆ ಆಲಿವ್ ಎಣ್ಣೆ. ವಾಡಿಕೆಯಂತೆ ಅದರಲ್ಲಿ ಒಂದು ಚೂರು ಹಂದಿಮಾಂಸದ ಸಾಸೇಜ್ ಬೀಳುತ್ತದೆ. ಬೇಡವೆಂದು ಮೊದಲೇ ಹೇಳಬೇಕು. ಕೆಥೆಡ್ರಲ್ಲಿನ ಹಿಂದಿನ ಪುಟ್ಟ ಹೋಟೆಲಿನ ಮಾಲಕಿ ಎರಡನೇ ದಿನ ಕೇಳುವ ಮೊದಲೇ ಸಾಸೇಜ್ ಇಲ್ಲದ ಬಟ್ಟಲನ್ನು ಅವಳ ಮುಂದಿಟ್ಟರು. ಜೊತೆಗೆ ಮೆಕ್ಕೆಜೋಳದ ಹಿಟ್ಟಿನ ಒರಟು ರೊಟ್ಟಿ ಬ್ರೋವಾ ಎರಡು ತುಂಡು ಹೆಚ್ಚಿಗೆ. ನಡೆಯುವವರು ಹೊಟ್ಟೆ ತುಂಬ ತಿನ್ನಬೇಕು ಎಂಬುದಷ್ಟೇ ಅವರ ವಾದ. ಧರ್ಮಸ್ಥಳದ ದಾರಿಯಲ್ಲಿ ಮಜ್ಜಿಗೆ ಲೋಟ ಹಿಡಿದು ನಿಲ್ಲುವ ಹಳ್ಳಿಯ ಹೆಂಗಸರೂ ಇದನ್ನೇ ಹೇಳುತ್ತಾರೆ.

ಅಂಗಡಿಗಳ ಮುಂದೆ ಆಗ ಸಣ್ಣ ಕುಂಡಗಳಲ್ಲಿ ಮಂಜೆರಿಕು ಗಿಡಗಳು ಸಾಲಾಗಿದ್ದವು. ತುಳಸಿಯ ನೆಂಟ ಗಿಡ, ಎಲೆ ಸಾಸಿವೆಗಿಂತ ತುಸು ದೊಡ್ಡದು, ಚೆಂಡಿನಂತೆ ಗುಂಡಗೆ ಕತ್ತರಿಸಿರುತ್ತಾರೆ. ಜೂನ್ 23ರ ರಾತ್ರಿಯ ಸಾಂ ಜುವಾಂವ್ ಹಬ್ಬಕ್ಕೆ ಮನೆಮನೆಗೂ ಒಂದು ಬೇಕು. ಆ ರಾತ್ರಿ ಊರಿಗೆ ಊರೇ ಬೀದಿಯಲ್ಲಿ ಸಾರ್ಡೀನ್ ಸುಡುತ್ತ, ಪ್ಲಾಸ್ಟಿಕ್ ಸುತ್ತಿಗೆಯಿಂದ ಗುರುತಿಲ್ಲದವರ ತಲೆಗೂ ಮೆಲ್ಲಗೆ ಹೊಡೆಯುತ್ತ ಬೆಳಗು ಮಾಡುತ್ತದೆ. ಸಸ್ಯಾಹಾರಿ ಗೆಳತಿ ವಾಸನೆ ನೋಡಲು ಗಿಡಕ್ಕೆ ಮೂಗು ತಾಗಿಸಲು ಹೋದಾಗ ಅಂಗಡಿಯಾಕೆ ತಡೆದರು. ನೇರ ಮೂಸಿದರೆ ಗಿಡ ಬಾಡುತ್ತದಂತೆ. ಅಂಗೈಯಿಂದ ಎಲೆಗಳನ್ನು ಸವರಿ, ಆ ಅಂಗೈಯನ್ನು ಮೂಸಬೇಕು. ಹೊಟ್ಟೆಗೂ ಪೂಜೆಗೂ ತುಳಸಿ ಬಳಸುವ ನಾಡಿನವಳು ಈ ಮರ್ಯಾದೆಯನ್ನು ಕೂಡಲೇ ಒಪ್ಪಿಕೊಂಡಳು.

ನದಿಯ ಆಚೆ ದಡದಲ್ಲಿ, ಅಳಿವೆಯ ಹತ್ತಿರ ಅಫುರಾದಾ ಎಂಬ ಮೀನುಗಾರರ ಕೇರಿ ಇದೆ. ಈಚೆ ದಡದಿಂದ ಸಣ್ಣ ದೋಣಿಯಲ್ಲಿ ದಾಟಬಹುದು. ಅಲ್ಲಿ ಸಾರ್ವಜನಿಕ ಬಟ್ಟೆ ಒಗೆಯುವ ಕಟ್ಟೆ ಇನ್ನೂ ಬಳಕೆಯಲ್ಲಿದೆ. ಸೂರಿನ ಕೆಳಗೆ ಕಲ್ಲಿನ ತೊಟ್ಟಿಗಳು; ಹೆಂಗಸರು ಎದುರುಬದುರು ನಿಂತು ಬಟ್ಟೆ ತಿಕ್ಕುತ್ತ ಗಟ್ಟಿಯಾಗಿ ಮಾತಾಡುತ್ತಾರೆ. ಹೊರಗೆ ನದಿಯ ಗಾಳಿಗೆ ಕಟ್ಟಿದ ಹಗ್ಗಗಳ ತುಂಬ ಹಾಸಿಗೆಯ ಹೊದಿಕೆಗಳು. ಮನೆಯಲ್ಲಿ ಯಂತ್ರ ಇದ್ದರೂ ಇಲ್ಲಿಗೇ ಬರುವುದೇಕೆಂದು ಕೇಳಿದರೆ, ಯಂತ್ರ ಮಾತಾಡುವುದಿಲ್ಲವಲ್ಲ ಎಂದು ಉತ್ತರ ಬಂತು. ಬೀದಿ ಬದಿಯಲ್ಲಿ ಇದ್ದಿಲ ಒಲೆ ಇಟ್ಟು ಮೀನು ಸುಡುತ್ತಾರೆ. ಸಾರ್ಡೀನ್ ನಮ್ಮ ಬೂತಾಯಿಯ ಹತ್ತಿರದ ಬಳಗ. ಆದರೆ ಅಡುಗೆ ಬೇರೆ. ಮೆಣಸು ಅರೆಯುವುದಿಲ್ಲ, ಹುಣಸೆ ಹಾಕುವುದಿಲ್ಲ, ಹೊಟ್ಟೆಯನ್ನೂ ಸೀಳುವುದಿಲ್ಲ. ಕಲ್ಲುಪ್ಪು ಉದುರಿಸಿ ಇಡೀ ಮೀನನ್ನು ಕೆಂಡದ ಮೇಲೆ ಇಡುತ್ತಾರೆ, ಅಷ್ಟೇ. ಸುಟ್ಟದ್ದನ್ನು ಬ್ರೋವಾ ತುಂಡಿನ ಮೇಲಿಟ್ಟು ಕೈಯಲ್ಲೇ ಬಿಡಿಸಿ ತಿನ್ನಬೇಕು. ಒಂದೊಂದೇ ಮೀನು ಮುಗಿಯುತ್ತ ಹೋದಂತೆ ಕೊಬ್ಬು ರೊಟ್ಟಿಗೆ ಇಳಿಯುತ್ತದೆ, ಕೊನೆಗೆ ಆ ರೊಟ್ಟಿ ತಿನ್ನುವುದೇ ಊಟದ ಸಾರ. ಬೂತಾಯಿ ಪುಳಿಮುಂಚಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು ಸಪ್ಪೆ. ಮೂರನೆಯ ಮೀನಿಗೆ ಬರುವಷ್ಟರಲ್ಲಿ ಮೀನಿಗೆ ತನ್ನದೇ ರುಚಿ ಇದೆ ಎಂಬುದು ಒಪ್ಪಬೇಕಾದ ಮಾತಾಗುತ್ತದೆ.

ನಡಿಗೆಯ ಬೆಳಗು ಬಂದಾಗ ಎರಡು ಆಯ್ಕೆಗಳಿರುತ್ತವೆ. ಹಲವರು ಮೆಟ್ರೊ ಹತ್ತಿ ಮಾತೊಜಿನ್ಯುಶ್ ಎಂಬ ಬಂದರು ಪೇಟೆಯವರೆಗೆ ಹೋಗಿ, ಅಲ್ಲಿಂದ ಕಡಲಂಚಿನ ದಾರಿ ಹಿಡಿಯುತ್ತಾರೆ. ಊರಿನ ಹೊರವಲಯದ ರಸ್ತೆಗಳು ಬೇಸರ ಎನ್ನುವುದು ಅವರ ಲೆಕ್ಕ. ಕೆಥೆಡ್ರಲ್ಲಿನಿಂದಲೇ ಇಳಿದು ನದಿಯ ಬಲದಂಡೆ ಹಿಡಿದರೆ ಅದೇ ಪೇಟೆಗೆ ಹತ್ತು ಕಿಲೋಮೀಟರಿಗೂ ಹೆಚ್ಚು ನಡಿಗೆ. ಆದರೆ ಬೇಸರದ ರಸ್ತೆ ಇಲ್ಲಿ ಇಲ್ಲ. ಕೆಥೆಡ್ರಲ್ಲಿನ ಹತ್ತಿರ ಮೊದಲ ಹಳದಿ ಬಾಣ ಸಿಗುತ್ತದೆ. ಈ ಬಾಣಗಳನ್ನು ಬಳಿಯುವ ಪದ್ಧತಿ ಹಾಕಿದವನು ಎಲಿಯಾಸ್ ವಲಿನ್ಯಾ ಎಂಬ ಗಲೀಸಿಯಾದ ಹಳ್ಳಿಯ ಪಾದ್ರಿ, 1980ರ ದಶಕದಲ್ಲಿ. ಪೋರ್ಚುಗಲ್‌ನಲ್ಲಿ ಹಳದಿಯ ಎದುರು ದಿಕ್ಕಿಗೆ ನೀಲಿ ಬಾಣಗಳೂ ಇರುತ್ತವೆ. ಅವು ಫಾತಿಮಾ ಕ್ಷೇತ್ರಕ್ಕೆ. ಒಂದೇ ಕಂಬದ ಮೇಲೆ ಎರಡು ಯಾತ್ರೆಗಳು ಬೆನ್ನು ಮಾಡಿ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಗೆಳೆಯರು ನದಿಯ ದಾರಿಯನ್ನೇ ಹಿಡಿದರು.

ನದಿ ಅಗಲವಾಗುತ್ತ ಹೋಗಿ ಫೊಜ್ ಎಂಬಲ್ಲಿ ಸಾಗರಕ್ಕೆ ಬೀಳುತ್ತದೆ. ಅಳಿವೆಯ ಮರಳುದಿಬ್ಬ ಹಡಗುಗಳಿಗೆ ಮೃತ್ಯುವಾಗಿತ್ತು. 19ನೇ ಶತಮಾನದ ಕೊನೆಯಲ್ಲಿ ಉತ್ತರಕ್ಕೆ ಲೈಶೋಯಿಂಶ್ ಕೃತಕ ಬಂದರು ಕಟ್ಟಿದ್ದು ಅದಕ್ಕೇ. ಇಲ್ಲಿಂದ ಸಮುದ್ರ ಎಡಕ್ಕೆ. ಮಂಗಳೂರಿನಿಂದ ಕಾರವಾರದ ಕಡೆಗೆ ನಡೆದರೂ ಸಮುದ್ರ ಎಡಕ್ಕೇ ಇರುತ್ತದೆ, ಸೂರ್ಯ ಅದೇ ಕಡೆ ಮುಳುಗುತ್ತಾನೆ. ಆದರೆ ನೀರಿಗೆ ಕಾಲಿಟ್ಟರೆ ಆ ಹೋಲಿಕೆ ಮುಗಿಯುತ್ತದೆ. ಅಟ್ಲಾಂಟಿಕ್ ಬೇಸಗೆಯಲ್ಲೂ ಮೂಳೆ ಕೊರೆಯುವಷ್ಟು ತಣ್ಣಗೆ. ಮಧ್ಯಾಹ್ನವಾಗುತ್ತಲೇ ನೊರ್ತಾದಾ ಎಂಬ ಉತ್ತರದ ಗಾಳಿ ಎದುರಿಗೆ ಬೀಸುತ್ತದೆ. ಸಾಂತಿಯಾಗೊ ಉತ್ತರಕ್ಕಿರುವುದರಿಂದ ಕಡಲಂಚಿನ ಯಾತ್ರಿಕ ದಿನವೂ ಅದನ್ನು ಎದುರಿಸಲೇಬೇಕು. ಬೆಳಗ್ಗೆ ಬೇಗ ಹೊರಡುವುದೊಂದೇ ಉಪಾಯ.

ಮಾತೊಜಿನ್ಯುಶ್‌ನ ಮರಳಿನಲ್ಲಿ ಕೆಲವು ಕಂಚಿನ ಹೆಂಗಸರು ಸಮುದ್ರದ ಕಡೆ ಮುಖ ಮಾಡಿ ಇದ್ದಾರೆ. ಒಬ್ಬಳು ಎರಡೂ ಕೈ ಮೇಲೆತ್ತಿದ್ದಾಳೆ, ಒಬ್ಬಳು ಮಂಡಿಯೂರಿದ್ದಾಳೆ. 1947ರ ಡಿಸೆಂಬರ್‌ನ ಬಿರುಗಾಳಿಯಲ್ಲಿ ಇಲ್ಲಿನ ಮೀನುಗಾರಿಕಾ ದೋಣಿಗಳು ಮುಳುಗಿ 152 ಜನ ಸತ್ತರು. ಈ ಹೆಂಗಸರು ಅವರ ಹೆಂಡತಿಯರು, ತಾಯಂದಿರು. ಗುಂಪಿನಲ್ಲಿ ಗಂಗೊಳ್ಳಿಯ ಮೀನುಗಾರ ಕುಟುಂಬದವನೊಬ್ಬನಿದ್ದ. ಅವನು ಚೀಲ ಇಳಿಸಿ, ಚಪ್ಪಲಿ ಬಿಟ್ಟು, ಕೈ ಎತ್ತಿದ ಹೆಂಗಸಿನ ಹತ್ತಿರ ಹೋಗಿ ನಿಂತ. "ನಮ್ಮ ದೊಡ್ಡಮ್ಮ ಹೀಗೇ ನಿಂತದ್ದು ನೋಡಿದ್ದೇನೆ" ಎಂದಷ್ಟೇ ಹೇಳಿದ. ಮುಂದೆ ಯಾರೂ ಕೇಳಲಿಲ್ಲ. ಅಲ್ಲಿಂದ ಬಹಳ ದೂರ ಅವನು ಮುಂದೆ, ಉಳಿದವರು ಹಿಂದೆ ನಡೆದರು. ಕಮಿನೊದಲ್ಲಿ ಇಂಥ ನಡಿಗೆಗಳು ಬರುತ್ತವೆ ಎಂದು ಹೇಳುತ್ತಾರೆ. ಈ ಗುಂಪಿಗೆ ಅದು ಮೊದಲ ಬೆಳಗ್ಗೆಯೇ ಬಂತು.

ಇದೇ ದಡಕ್ಕೆ ಇನ್ನೊಂದು ಐತಿಹ್ಯವಿದೆ. ಸಂತ ಯಾಕೋಬನ ದೇಹ ಹೊತ್ತ ದೋಣಿ ಗಲೀಸಿಯಾಕ್ಕೆ ಸಾಗುತ್ತಿದ್ದಾಗ, ದಡದಲ್ಲಿ ಮದುವೆಯ ಸಂಭ್ರಮದಲ್ಲಿದ್ದ ಕಾಯೊ ಕಾರ್ಪೊ ಎಂಬ ಕುಲೀನನ ಕುದುರೆ ಸಮುದ್ರಕ್ಕೆ ನುಗ್ಗಿತಂತೆ. ಸವಾರ ಮುಳುಗದೆ ಮೇಲೆದ್ದಾಗ ಅವನ ಮೈಯೆಲ್ಲ ಚಿಪ್ಪು ಮುಚ್ಚಿತ್ತು. ಯಾತ್ರಿಕರು ಚೀಲಕ್ಕೆ ಕಟ್ಟುವ ಚಿಪ್ಪು ಅಂದಿನಿಂದ ಬಂತೆಂದು ಇಲ್ಲಿನವರು ನಂಬುತ್ತಾರೆ. ಬದುಕಿ ಬಂದವನ ಕಥೆಯೂ, ಬಾರದೆ ಉಳಿದ 152 ಜನರ ಕಥೆಯೂ ಒಂದೇ ಮರಳಿನಲ್ಲಿವೆ.

ಮುಂದೆ ಬಂದರಿನ ಮೇಲೆ ಎತ್ತುವ ಸೇತುವೆ. ಹಡಗು ಬಂದರೆ ಸೇತುವೆ ಎರಡಾಗಿ ಮೇಲೇಳುತ್ತದೆ, ಯಾತ್ರಿಕರು ಕಾಯಬೇಕು. ಅದನ್ನು ದಾಟಿದರೆ ಲೆಸಾ. ಇಲ್ಲಿ ಮಾತೊಜಿನ್ಯುಶ್‌ನಲ್ಲೇ ಹುಟ್ಟಿದ ವಾಸ್ತುಶಿಲ್ಪಿ ಆಲ್ವರು ಸೀಜಾ 1960ರ ದಶಕದಲ್ಲಿ ಬಂಡೆಗಳನ್ನು ಒಡೆಯದೆ ಅವುಗಳ ನಡುವೆಯೇ ಕಡಲ ನೀರಿನ ಈಜುಕೊಳಗಳನ್ನು ಕಟ್ಟಿದ್ದಾನೆ. ಎಲ್ಲಿ ಬಂಡೆ ಮುಗಿದು ಗೋಡೆ ಶುರುವಾಯಿತೆಂದು ಹೇಳುವುದು ಕಷ್ಟ. ನಮ್ಮ ಕಡಲತೀರಗಳಲ್ಲಿ ಬಂಡೆ ಸಿಡಿಸಿ, ಕಲ್ಲುರಾಶಿ ಸುರಿದು ಕಟ್ಟುವ ತಡೆಗೋಡೆಗಳನ್ನು ನೋಡಿದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ದೀಪಸ್ತಂಭದ ಆಚೆ ಊರು ಮುಗಿಯುತ್ತದೆ. ಮರಳುದಿಬ್ಬಗಳನ್ನು ತುಳಿಯದಂತೆ ಹಾಕಿದ ಮರದ ಹಲಗೆಯ ದಾರಿ ಕಿಲೋಮೀಟರುಗಟ್ಟಲೆ ಉತ್ತರಕ್ಕೆ ಸಾಗುತ್ತದೆ. ಆಂಜೈರಾಸ್ ಬಳಿಯ ಬಂಡೆಗಳಲ್ಲಿ ರೋಮನ್ನರ ಕಾಲದಲ್ಲಿ ಮೀನಿಗೆ ಉಪ್ಪು ಹಾಕಲು ಕೊರೆದ ತೊಟ್ಟಿಗಳು ಇನ್ನೂ ಇವೆ.

ಜುಲೈ 25, ಸಂತ ಯಾಕೋಬನ ಹಬ್ಬ, ಭಾನುವಾರ ಬಂದ ವರ್ಷವನ್ನು ಪವಿತ್ರ ವರ್ಷವೆಂದು ಆಚರಿಸುತ್ತಾರೆ. ಮುಂದಿನದು 2027. ಆ ವರ್ಷ ದಾರಿಯೂ ತಂಗುಮನೆಗಳೂ ಕಿಕ್ಕಿರಿಯುತ್ತವೆ. ಕರ್ನಾಟಕದಿಂದ ಹೋಗುವ ಯೋಚನೆ ಇರುವವರು ಪೋರ್ಟೊವನ್ನು ಒಂದು ರಾತ್ರಿಯ ನಿಲುಗಡೆ ಮಾಡಿಕೊಳ್ಳಬಾರದು. ಊರಿಗೆ ಕೆಲವು ದಿನ ಕೊಟ್ಟು, ಹೊರಡುವ ಬೆಳಗ್ಗೆ ಮೆಟ್ರೊ ಬಿಟ್ಟು ಕೆಥೆಡ್ರಲ್ಲಿನ ಅಂಗಳದಿಂದ ನದಿಗುಂಟ ನಡೆದೇ ಕಡಲು ಸೇರಲಿ.